ಬಿದಿರಿನ ನೆಲದ ಮೇಲೊಂದು ಗೀರು

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ನೆಲದ ಮೇಲೆ ಬಿದ್ದ ಗೀರಿಗಾಗಿ ಯಾರೂ ಚಿಂತಿಸುತ್ತಿರಲಿಲ್ಲ. ಮಣ್ಣನ್ನು ಹದಮಾಡಿ, ಬಡಿದು ಗಟ್ಟಿಗೊಳಿಸಿದ ನೆಲವನ್ನು ಮನೆಯ ಹೆಂಗಸರು ಆಗಾಗ ಸೆಗಣಿಯಿಂದ ಸಾರಿಸುತ್ತಿದ್ದರು. ಮಂಚವನ್ನು ಎಳೆದಾಗ ಬಿದ್ದ ಗೆರೆಯಾಗಲಿ, ಒನಕೆಯ ಪೆಟ್ಟಿಗೆ ಎದ್ದ ಚಕ್ಕೆಯಾಗಲಿ ಮುಂದಿನ ಸಾರಣೆಯವರೆಗೆ ಮಾತ್ರ ಉಳಿಯುತ್ತಿತ್ತು. ಹಬ್ಬಕ್ಕೆ ಮುಂಚೆ ಒಂದು ಬುಟ್ಟಿ ಕೆಮ್ಮಣ್ಣು ತಂದು ತಗ್ಗುಗಳನ್ನು ಮುಚ್ಚಿದರೆ ನೆಲವು ಮತ್ತೆ ಹೊಸದಾಗುತ್ತಿತ್ತು. ಬ್ರಹ್ಮಪುತ್ರಾ ನದಿಯ ಬಯಲಿನಲ್ಲಿ, ನೆರೆಯ ನೀರಿಗೆ ಎಟುಕದಂತೆ ಕಂಬಗಳ ಮೇಲೆ ಮನೆ ಕಟ್ಟುವ ಮಿಸಿಂಗ್ ಜನರದು ಬಿದಿರಿನ ನೆಲ. ಬಿದಿರನ್ನು ಸೀಳಿ, ಚಪ್ಪಟೆಯಾಗಿ ಬಿಡಿಸಿ ಹಾಸಿದ ಆ ನೆಲಕ್ಕೂ ಗೀರಿನ ಭಯವಿಲ್ಲ. ಸವೆದ ಭಾಗವನ್ನು ಕಿತ್ತು, ಮೆಳೆಯಿಂದ ಹೊಸ ಬಿದಿರನ್ನು ಕಡಿದು ತಂದು ಹಾಸಿದರೆ ಕೆಲಸ ಮುಗಿಯಿತು.

ಇಂದಿನ ನಗರಗಳ ಮನೆಗಳಿಗೆ ಬಂದಿರುವ ಬಿದಿರಿನ ನೆಲ ಈ ಬಗೆಯದಲ್ಲ. ಅದು ಕಾರ್ಖಾನೆಯಲ್ಲಿ ಅಂಟಿಸಿ, ಒತ್ತಿ, ನುಣುಪುಗೊಳಿಸಿ, ಮೇಲೆ ಗಟ್ಟಿಯಾದ ಲೇಪವನ್ನು ಕೊಟ್ಟು ಕಳುಹಿಸಿದ ಹಲಗೆಗಳ ನೆಲ. ೧೯೯೦ರ ದಶಕದಲ್ಲಿ ಚೀನ ದೇಶದಿಂದ ಇಂಥ ಹಲಗೆಗಳು ಜಗತ್ತಿನ ಮಾರುಕಟ್ಟೆಗೆ ಹೆಚ್ಚಾಗಿ ಬರತೊಡಗಿದವು. ಭಾರತದಲ್ಲಿಯೂ ಅವು ತಯಾರಾಗುತ್ತವೆ; ೨೦೨೩ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ನೆಲಕ್ಕೆ ತ್ರಿಪುರದ ಬಿದಿರಿನ ಹಲಗೆಗಳನ್ನು ತರಿಸಲಾಯಿತು. ಈ ನೆಲವು ನೋಡಲು ಸುಂದರ, ಕಾಲಿಗೆ ಹಿತ. ಆದರೆ ಅದರ ಮೇಲೆ ಬಿದ್ದ ಗೀರು ಮುಂದಿನ ವಾರದ ಸಾರಣೆಗೆ ಮುಚ್ಚಿಹೋಗುವುದಿಲ್ಲ.

ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ದಸರಾ ಹಬ್ಬ ಸಮೀಪಿಸಿದೆ. ಗೊಂಬೆಗಳನ್ನು ಕೂರಿಸಲು ಹಜಾರದಲ್ಲಿ ಜಾಗ ಬೇಕು. ಗೋಡೆಯ ಪಕ್ಕದಲ್ಲಿದ್ದ ಕಬ್ಬಿಣದ ಬೀರುವನ್ನು ಮನೆಯವರು ಖಾಲಿ ಮಾಡದೆ, ಎತ್ತದೆ, ಇಬ್ಬರು ಸೇರಿ ಕಿಟಕಿಯ ಕಡೆಗೆ ತಳ್ಳುತ್ತಾರೆ. ಬೀರುವಿನ ಒಂದು ಕಾಲಿನ ರಬ್ಬರು ಎಂದೋ ಬಿದ್ದುಹೋಗಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಕಂದು ಬಣ್ಣದ ಬಿದಿರಿನ ನೆಲದ ಮೇಲೆ ಮೂರು ಮೊಳ ಉದ್ದದ ಒಂದು ಬಿಳಿಯ ಗೀರು ಮೂಡುತ್ತದೆ. ಗೋಡೆಯ ಬಳಿ ಅದು ಕೂದಲೆಳೆಯಷ್ಟು ತೆಳು. ನಡುವೆ ಅಗಲವಾಗಿ ಬಣ್ಣಗೆಟ್ಟಿದೆ. ಕಿಟಕಿಯ ಬಳಿ, ಬೀರುವಿನ ಕಾಲು ಎಡವಿ ಕುಸಿದ ಕಡೆ, ಒಂದು ಹುಣಿಸೆಬೀಜ ಕೂರುವಷ್ಟು ಕುಳಿ ಬಿದ್ದಿದೆ.

ಮರುದಿನ ಬಡಗಿಯನ್ನು ಕರೆಸುತ್ತಾರೆ. ಅವನು ನೋಡಿ ಹೇಳುತ್ತಾನೆ:

“ಅಲ್ಲಲ್ಲಿ ತಿದ್ದಿದರೆ ತೇಪೆ ಹಾಕಿದ ಹಾಗೆ ಕಾಣುತ್ತದಮ್ಮ. ಯಂತ್ರ ತಂದು ಹಜಾರವನ್ನೆಲ್ಲ ಒಂದು ಸಲ ಉಜ್ಜಿ ಹೊಸ ವಾರ್ನಿಷ್ ಹೊಡೆದುಬಿಡೋಣ. ಕನ್ನಡಿಯಾಗುತ್ತದೆ.”

ಮನೆಯ ಅಜ್ಜಿ ಕೇಳುತ್ತಾರೆ: “ಆಚಾರ್ರೇ, ಹೀಗೆ ಎಷ್ಟು ಸಲ ಉಜ್ಜಬಹುದು?”

ಹಲಗೆ ಹಾಸಿದಾಗ ಉಳಿದಿದ್ದ ಎರಡು ತುಂಡುಗಳು ಅಟ್ಟದ ಮೇಲಿದ್ದವು. ಬಡಗಿ ಅದರಲ್ಲೊಂದನ್ನು ತರಿಸಿ ಅದರ ಅಂಚನ್ನು ತೋರಿಸುತ್ತಾನೆ. ಪಕ್ಕದ ಹಲಗೆಯ ತೋಡಿನೊಳಗೆ ಕೂರುವ ನಾಲಗೆ ಆ ಅಂಚಿನ ನಡುವಿನಲ್ಲಿದೆ. “ನೆಲಕ್ಕೆ ಇರುವ ಬಂಡವಾಳ ಈ ನಾಲಗೆಯ ಮೇಲಿರುವುದಷ್ಟೇ ತಾಯಿ. ಅದು ಸವೆದರೆ ಹಲಗೆಯ ಹಿಡಿತ ಹೋಗುತ್ತದೆ. ಎರಡು ಸಲ ಉಜ್ಜಬಹುದು. ಜೋಪಾನ ಮಾಡಿದರೆ ಮೂರು.”

“ಹಾಗಾದರೆ ಒಂದು ಗೀರಿಗೋಸ್ಕರ ನೆಲದ ಆಯುಷ್ಯದಲ್ಲಿ ಮೂರರಲ್ಲೊಂದು ಪಾಲನ್ನು ಕೊಡಬೇಕೆನ್ನಿ” ಎನ್ನುತ್ತಾರೆ ಅಜ್ಜಿ. ಬಡಗಿ ಉತ್ತರ ಕೊಡುವುದಿಲ್ಲ. ಹಲಗೆಯನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತಾನೆ.

ಬಿದಿರಿನ ನೆಲವನ್ನು ದುರಸ್ತಿ ಮಾಡುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಇದು. ಹಲಗೆಯ ಒಟ್ಟು ದಪ್ಪ ಸಾಮಾನ್ಯವಾಗಿ ೧೦ರಿಂದ ೧೫ ಮಿಲಿಮೀಟರು. ಅದರಲ್ಲಿ ನಾಲಗೆಯ ಮೇಲಿರುವ, ಉಜ್ಜಲು ಸಿಗುವ ಭಾಗ ಕೆಲವೇ ಮಿಲಿಮೀಟರು. ಗೀರು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಯದೆ ಉಜ್ಜತೊಡಗಿದರೆ ಗೀರಿಗಿಂತ ಚಿಕಿತ್ಸೆಯೇ ಹೆಚ್ಚು ನಷ್ಟವನ್ನುಂಟುಮಾಡುತ್ತದೆ. ಆಳವನ್ನು ತಿಳಿಯಬೇಕಾದರೆ ಆ ಹಲಗೆಯೊಳಗೆ ಏನಿದೆ ಎಂಬುದನ್ನು ಅರಿಯಬೇಕು.

ಬಿದಿರು ಮರವಲ್ಲ, ಭತ್ತ, ರಾಗಿ, ಕಬ್ಬುಗಳ ಕುಲಕ್ಕೆ ಸೇರಿದ ಹುಲ್ಲು. ಮರವು ವರ್ಷವರ್ಷವೂ ಸುತ್ತಲೂ ಹೊಸ ಪದರವನ್ನು ಬೆಳೆಸಿಕೊಂಡು ದಪ್ಪವಾಗುತ್ತದೆ. ಬಿದಿರಿಗೆ ಆ ಶಕ್ತಿಯಿಲ್ಲ. ನೆಲದಿಂದ ಕಳಲೆ ಮೂಡುವಾಗಲೇ ಗಳುವಿನ ಸುತ್ತಳತೆ ನಿಶ್ಚಯವಾಗಿರುತ್ತದೆ. ಮುಂದೆ ಅದು ಎತ್ತರಕ್ಕೆ ಮಾತ್ರ ಏಳುತ್ತದೆ. ಕೆಲವು ಜಾತಿಯ ಬಿದಿರು ಒಂದೇ ದಿನದಲ್ಲಿ ಒಂದು ಮೀಟರಿಗೂ ಹೆಚ್ಚು ಬೆಳೆದುದನ್ನು ಜಪಾನಿನಲ್ಲಿ ಅಳೆದಿದ್ದಾರೆ. ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರವನ್ನು ಮುಟ್ಟಿದರೂ ಆ ಗಳು ಬಲಿತು ಗಟ್ಟಿಯಾಗಲು ಹಲವು ವರ್ಷಗಳು ಬೇಕು. ನೆಲದ ಹಲಗೆಗೆ ಐದಾರು ವರ್ಷ ಬಲಿತ ಗಳುವನ್ನು ಆರಿಸುತ್ತಾರೆ. ಅವಸರಪಟ್ಟು ಎಳೆಯ ಬಿದಿರನ್ನು ಕಡಿದು ಮಾಡಿದ ಹಲಗೆ ಮೆದುವಾಗಿರುತ್ತದೆ. ಹೊರನೋಟಕ್ಕೆ ಆ ದೋಷ ಕಾಣುವುದಿಲ್ಲ. ಕುರ್ಚಿಯ ಕಾಲಿನ ಕೆಳಗೆ ಕಾಣುತ್ತದೆ.

ಬಿದಿರಿನ ಗೋಡೆಯನ್ನು ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಉದ್ದಕ್ಕೂ ಹರಿಯುವ ನಾರಿನ ಕಟ್ಟುಗಳ ತುದಿಗಳು. ಹೊರಸಿಪ್ಪೆಯ ಬಳಿ ಅವು ಒತ್ತೊತ್ತಾಗಿಯೂ ಒಳಮೈಯ ಕಡೆಗೆ ವಿರಳವಾಗಿಯೂ ಇರುತ್ತವೆ. ಗೋಡೆಯ ಸುಮಾರು ಅರ್ಧ ಭಾಗ ಮೆತ್ತನೆಯ ಕೋಶಗಳು. ಸುಮಾರು ಹತ್ತರಲ್ಲಿ ನಾಲ್ಕು ಭಾಗ ನಾರು. ಉಳಿದುದು ನೀರು ಆಹಾರಗಳನ್ನು ಸಾಗಿಸುವ ನಾಳಗಳು. ಈ ಮಾತನ್ನು ಭೂತಗನ್ನಡಿಯ ನೆರವಿಲ್ಲದೆಯೇ ಬಲ್ಲವರು ಕನ್ನಡ ನಾಡಿನ ಮೇದರು. ಬುಟ್ಟಿ, ಮೊರ, ತಟ್ಟಿಗಳನ್ನು ಹೆಣೆಯುವಾಗ ಅವರು ಬಿದಿರಿನ ಹೊರಪದರವನ್ನೂ ಒಳಪದರವನ್ನೂ ಬೇರೆಬೇರೆಯಾಗಿ ಸೀಳಿಕೊಳ್ಳುತ್ತಾರೆ; ಭಾರ ಬೀಳುವ ಕಡೆಗೆ ಹೊರಪದರವನ್ನೇ ಬಳಸುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕವೂ ಇದೇ ಆಗಿತ್ತು.

ಬಿದಿರಿನ ನಾರುಗಳು ಗೆಣ್ಣಿನಿಂದ ಗೆಣ್ಣಿಗೆ ನೇರವಾಗಿ ಹರಿಯುತ್ತವೆ. ಅವುಗಳನ್ನು ಅಡ್ಡಲಾಗಿ ಹೆಣೆದು ಹಿಡಿಯುವ, ಮರದಲ್ಲಿರುವಂಥ ಕಿರಣಾಕಾರದ ಕೋಶಗಳು ಬಿದಿರಿನಲ್ಲಿಲ್ಲ. ಆದುದರಿಂದಲೇ ಮೇದರ ಕತ್ತಿ ಒಂದು ತುದಿಯಲ್ಲಿ ನಾಟಿದೊಡನೆ ಗಳು ಉದ್ದಕ್ಕೂ ಸೀಳುತ್ತದೆ. ಗೆಣ್ಣಿನಲ್ಲಿ ಮಾತ್ರ ನಾರುಗಳು ತಿರುಚಿಕೊಂಡು ಹಾಯುತ್ತವೆ. ಸೀಳುವವನಿಗೆ ವರವಾದ ಈ ಗುಣವೇ ಗೀರನ್ನು ತಿದ್ದುವವನಿಗೆ ತೊಡಕು. ಉದ್ದಕ್ಕೆ ಬಿದ್ದ ಗೀರಿನಲ್ಲಿ ನಾರು ಸಿಬಿರೆದ್ದು ದೂರದವರೆಗೆ ಕಿತ್ತುಬರುತ್ತದೆ. ಅಡ್ಡಲಾಗಿ ಬಿದ್ದ ಗೀರಿನಲ್ಲಿ ನಾರು ತುಂಡರಿಸುತ್ತದೆ. ಗೆಣ್ಣಿನ ಮೇಲೆ ಬಿದ್ದರೆ ಚಕ್ಕೆ ಏಳುತ್ತದೆ.

ಗಳುವನ್ನು ಹಲಗೆಯಾಗಿ ಮಾಡುವ ಕ್ರಮವೂ ದುರಸ್ತಿಯ ದಾರಿಯನ್ನು ನಿರ್ಧರಿಸುತ್ತದೆ. ಮೊದಲು ಅದನ್ನು ದಬ್ಬೆಗಳಾಗಿ ಸೀಳಿ, ಅಂಟು ಹಿಡಿಯದ ಹೊರಸಿಪ್ಪೆಯನ್ನೂ ಒಳಪೊರೆಯನ್ನೂ ಹೆರೆದು ತೆಗೆಯುತ್ತಾರೆ. ಬಿದಿರಿನಲ್ಲಿರುವ ಪಿಷ್ಟವು ಕೊರೆಹುಳುಗಳಿಗೆ ಪ್ರಿಯವಾದ ಆಹಾರವಾದ್ದರಿಂದ ದಬ್ಬೆಗಳನ್ನು ಔಷಧ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಕೆಲವನ್ನು ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಆಗ ಒಳಗಿನ ಸಕ್ಕರೆಯ ಅಂಶ, ಬೆಲ್ಲದ ಪಾಕ ಕಂದಾಗುವಂತೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ಮೇಲೆ ಬಳಿದುದಲ್ಲ; ಹಲಗೆಯ ಮೈಯೊಳಗೆಲ್ಲ ಇರುತ್ತದೆ. ಆದುದರಿಂದ ಅದರ ಮೇಲೆ ಗೀರು ಬಿದ್ದರೂ ಒಳಗೆ ಬೇರೆ ಬಣ್ಣ ಹೊರಬೀಳುವುದಿಲ್ಲ. ಆದರೆ ಬೆಂದ ಬಿದಿರು ಬೇಯದ ಬಿದಿರಿಗಿಂತ ಸ್ವಲ್ಪ ಮೆದು. ಮೇಲ್ಮೈಗೆ ಮಾತ್ರ ಬಣ್ಣ ಹಚ್ಚಿದ ಹಲಗೆಗಳ ಸಂಗತಿ ಬೇರೆ. ಉಜ್ಜಿದ ಕಡೆಯೆಲ್ಲ ತಿಳಿಹಳದಿಯ ಮೈ ತೆರೆದುಕೊಳ್ಳುತ್ತದೆ.

ದಬ್ಬೆಗಳನ್ನು ಅಗಲವಾಗಿ ಮಲಗಿಸಿ ಅಂಟಿಸಿದರೆ ಗೆಣ್ಣುಗಳ ಗುರುತು ಕಾಣುವ ಹಲಗೆ, ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದರೆ ಸಣ್ಣ ಗೆರೆಗಳ ಹಲಗೆ. ಮೂರನೆಯ ಬಗೆಯದರಲ್ಲಿ ಬಿದಿರನ್ನು ಜಜ್ಜಿ ನಾರಿನ ಎಳೆಗಳಾಗಿ ಬಿಡಿಸಿ, ಅಂಟಿನಲ್ಲಿ ಅದ್ದಿ, ಭಾರಿ ಒತ್ತಡದಲ್ಲಿ ಇಟ್ಟಿಗೆಯಂತೆ ಒತ್ತುತ್ತಾರೆ. ಅದರ ಗಟ್ಟಿತನ ಮೊದಲೆರಡು ಬಗೆಗಳ ಎರಡರಷ್ಟಕ್ಕೂ ಮಿಕ್ಕುವುದುಂಟು. ಅಂಥ ನೆಲಕ್ಕೆ ಗೀರು ಸುಲಭವಾಗಿ ಬೀಳುವುದಿಲ್ಲ. ಬಿದ್ದರೆ ತಿದ್ದುವುದೂ ಸುಲಭವಲ್ಲ. ಎಳೆಗಳು ಹಲವು ದಿಕ್ಕಿಗೆ ಓರೆಯಾಗಿ ಸೇರಿರುವುದರಿಂದ ಉಜ್ಜಿದಷ್ಟೂ ಸಿಬಿರುಗಳು ಏಳುತ್ತವೆ.

ಈ ಎಲ್ಲ ಹಲಗೆಗಳ ಮೇಲೂ ಕಾರ್ಖಾನೆಯಲ್ಲಿ ಹಲವು ಪದರಗಳ ಪಾರದರ್ಶಕ ಲೇಪವನ್ನು ಕೊಟ್ಟು, ನೇರಳಾತೀತ ಕಿರಣಗಳಿಂದ ಕ್ಷಣಾರ್ಧದಲ್ಲಿ ಒಣಗಿಸುತ್ತಾರೆ. ಎಲ್ಲ ಪದರಗಳೂ ಸೇರಿ ಒಂದು ಕಾಗದದ ಹಾಳೆಯ ದಪ್ಪಕ್ಕೆ ಸಮೀಪವಿರುತ್ತವೆ. ಲೇಪದೊಳಗೆ ಅಲ್ಯೂಮಿನಿಯಂ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಬೆರೆಸಿರುವುದುಂಟು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ ೧೦ ಅಂಕ, ಈ ಕಣಗಳಿಗೆ ೯, ಬೀದಿಯ ಮರಳಿನಲ್ಲಿರುವ ಬೆಣಚುಕಲ್ಲಿಗೆ ೭. ಹಾಗಿದ್ದರೂ ಮರಳು ಈ ನೆಲವನ್ನು ಗೀರುವುದು ಹೇಗೆ? ಗಡಸಾದ ಕಣಗಳು ಲೇಪದಲ್ಲಿ ಪಾಯಸದ ದ್ರಾಕ್ಷಿಯಂತೆ ಅಲ್ಲಲ್ಲಿ ಹರಡಿಕೊಂಡಿರುತ್ತವೆ. ನಡುವಿನ ಅಂಟುಪದಾರ್ಥ ಮರಳಿಗಿಂತ ಮೆದುವಾಗಿರುತ್ತದೆ. ಮರಳಿನ ಕಾಳು ಆ ನಡುವಿನ ಜಾಗವನ್ನು ಕೊರೆಯುತ್ತದೆ.

ಅದಕ್ಕೆ ಬೇಕಾದ ಒತ್ತಡವೂ ಅಲ್ಪವಲ್ಲ. ಸಾಮಾನು ತುಂಬಿದ ಬೀರು ೧೨೦ ಕಿಲೋಗ್ರಾಂ ತೂಗುವುದೆಂದೂ, ಅದರ ನಾಲ್ಕು ಕಾಲುಗಳಲ್ಲಿ ಒಂದೊಂದು ೨ ಚದರ ಸೆಂಟಿಮೀಟರಿನಷ್ಟು ಮಾತ್ರ ನೆಲವನ್ನು ಮುಟ್ಟುವುದೆಂದೂ ಇಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೂ ೧೫ ಕಿಲೋಗ್ರಾಂ ಭಾರ ಬೀಳುತ್ತದೆ. ಕಾಲಿನ ಕೆಳಗೆ ಒಂದೇ ಒಂದು ಮರಳಿನ ಕಾಳು ಸಿಕ್ಕಿದರೆ ಭಾರದ ದೊಡ್ಡ ಪಾಲು ಅದರ ಮೊನೆಯ ಮೇಲೆ ನಿಲ್ಲುತ್ತದೆ. ಎಳೆದವರಿಗೆ ಅದರ ಸದ್ದೂ ಕೇಳುವುದಿಲ್ಲ.

ಈಗ ಆ ಮೂರು ಮೊಳದ ಗೀರಿನ ಬಳಿಗೆ ಮರಳಬಹುದು. ಅದರ ಆಳವನ್ನು ತಿಳಿಯಲು ಯಾವ ಉಪಕರಣವೂ ಬೇಡ. ಮೊದಲು ನೆಲವನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಧೂಳನ್ನು ತೆಗೆಯದೆ ಉಜ್ಜಿದರೆ ಇರುವ ಗೀರಿಗೆ ಹೊಸ ಗೀರುಗಳು ಸೇರುತ್ತವೆ. ಅನಂತರ ದೀಪವೊಂದನ್ನು ನೆಲಕ್ಕೆ ಸಮೀಪವಾಗಿ ಓರೆಯಾಗಿ ಹಿಡಿದು ಗೀರಿನ ಉದ್ದಕ್ಕೂ ನೋಡಬೇಕು. ಉಗುರನ್ನು ಅಡ್ಡಲಾಗಿ ಹಾಯಿಸಿದಾಗ ಅದು ತಡೆಯದೆ ಜಾರಿದರೆ ಗಾಯ ಬಹುಶಃ ಲೇಪಕ್ಕಷ್ಟೆ. ಸಿಕ್ಕಿಕೊಂಡರೆ ಇನ್ನೂ ಆಳ.

ಇನ್ನೊಂದು ಪರೀಕ್ಷೆ ಇನ್ನೂ ಸೊಗಸಾದುದು. ಮನೆಯ ಮೊಮ್ಮಗಳು ಬೆರಳ ತುದಿಯಿಂದ ಒಂದು ಹನಿ ನೀರನ್ನು ಗೀರಿನ ಮೇಲೆ ಇಡುತ್ತಾಳೆ. ಗೋಡೆಯ ಬಳಿ ಬಿಳಿಯ ಗೆರೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಗೀರು ಬಿಳಿಯಾಗಿ ಕಾಣುವುದು ಅಲ್ಲಿ ಬಿಳಿಯ ಬಣ್ಣ ಇರುವುದರಿಂದಲ್ಲ. ಒರಟಾದ ಬದಿಗಳ ಮೇಲೆ ಬಿದ್ದ ಬೆಳಕು ಎಲ್ಲ ಕಡೆಗೂ ಚೆದುರುವುದರಿಂದ. ಲೇಪದ ವಕ್ರೀಭವನಾಂಕ ಸುಮಾರು ೧.೫, ಗಾಳಿಯದು ಸುಮಾರು ೧, ನೀರಿನದು ೧.೩೩. ಗೀರಿನೊಳಗಿನ ಗಾಳಿಯ ಜಾಗಕ್ಕೆ ನೀರು ಬಂದೊಡನೆ ಅಂತರ ಕಡಿಮೆಯಾಗಿ ಬೆಳಕಿನ ಚೆದುರುವಿಕೆ ತಗ್ಗುತ್ತದೆ; ಕಣ್ಣು ಗೀರನ್ನು ಕಾಣದು. ಗೀರಿನ ನಡುಭಾಗದಲ್ಲಿ ಹಾಗಾಗುವುದಿಲ್ಲ. ಅಲ್ಲಿ ನೀರು ಒಳಗೆ ಇಂಗಿ ಬಿದಿರು ಕಪ್ಪಾಗುತ್ತದೆ. ಲೇಪ ಹರಿದು ಬಿದಿರಿನ ಮೈ ತೆರೆದಿದೆ ಎಂಬುದಕ್ಕೆ ಅದು ಸಾಕ್ಷಿ. ಹನಿಯನ್ನು ಕೂಡಲೇ ಒರೆಸಿ, ಆ ಜಾಗ ಪೂರ್ತಿ ಒಣಗುವವರೆಗೆ ಮುಂದಿನ ಕೆಲಸಕ್ಕೆ ಕೈಹಾಕಬಾರದು.

ಬಡಗಿ ಇದನ್ನು ನೋಡಿ ಯಂತ್ರದ ಮಾತನ್ನು ಬಿಡುತ್ತಾನೆ. ಒಂದೇ ಗೀರು, ಮೂರು ಗಾಯ. ಮೂರಕ್ಕೂ ಒಂದೇ ಮದ್ದು ಸಲ್ಲದು.

ಗೋಡೆಯ ಬಳಿಯ ತೆಳುವಾದ ಗೀರನ್ನು ಹಾಗೆಯೇ ಬಿಡುವುದೂ ಒಂದು ಒಳ್ಳೆಯ ತೀರ್ಮಾನ. ನೀರು ಒಳಕ್ಕೆ ಇಳಿಯದಿರುವಾಗ ಅದರಿಂದ ಹಲಗೆಗೆ ಹಾನಿಯಿಲ್ಲ. ತಿದ್ದಲೇಬೇಕೆಂದರೆ ಗೀರಿನ ಉದ್ದಕ್ಕೆ ಮಾತ್ರ ಅತಿ ನುಣುಪಾದ ಮರಳು ಕಾಗದವನ್ನು ಹಗುರವಾಗಿ ಆಡಿಸಿ, ಧೂಳನ್ನು ಒರೆಸಿ, ಸಣ್ಣ ಕುಂಚದಿಂದ ಪಾರದರ್ಶಕ ಪಾಲಿಯುರೇಥೇನ್ ವಾರ್ನಿಷನ್ನು ತೆಳುವಾಗಿ ಹಚ್ಚಬೇಕು. ಹಾಗೆ ಸ್ವಲ್ಪ ಒರಟು ಮಾಡದಿದ್ದರೆ ಕಾರ್ಖಾನೆಯ ಗಡಸು ಲೇಪದ ಮೇಲೆ ಹೊಸ ಲೇಪ ನಿಲ್ಲದೆ ಸಿಪ್ಪೆಯೇಳುತ್ತದೆ. ಹೊಳಪಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಮಂದ ಹೊಳಪಿನ ನೆಲದ ಮೇಲೆ ಮಿಂಚುವ ವಾರ್ನಿಷಿನ ಒಂದು ಪಟ್ಟೆ ಎದ್ದರೆ ಅದು ಗೀರಿಗಿಂತ ಹೆಚ್ಚಾಗಿ ಕಣ್ಣನ್ನು ಚುಚ್ಚುತ್ತದೆ.

ಇಂಥ ಗೀರಿಗೆ ಕೊಬ್ಬರಿ ಎಣ್ಣೆಯನ್ನು ತಿಕ್ಕುವ ರೂಢಿ ಕೆಲವು ಮನೆಗಳಲ್ಲಿದೆ. ನೀರಿನ ಹನಿ ಗೀರನ್ನು ಮರೆಸಿದ ಕಾರಣದಿಂದಲೇ ಎಣ್ಣೆಯೂ ಮರೆಸುತ್ತದೆ, ಮತ್ತು ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಆದರೆ ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ. ಅದರ ಮೇಲೆ ಧೂಳು ಕೂತು ನಾಲ್ಕು ದಿನಗಳಲ್ಲಿ ಬಿಳಿಯ ಗೆರೆ ಕಪ್ಪು ಗೆರೆಯಾಗುತ್ತದೆ. ಮುಂದೆ ವಾರ್ನಿಷ್ ಹಚ್ಚಬೇಕಾದಾಗ ಆ ಜಿಡ್ಡು ಅದನ್ನು ಹಿಡಿಯಗೊಡುವುದಿಲ್ಲ.

ನಡುಭಾಗದ ಗೀರಿಗೆ ಎರಡು ದಾರಿಗಳಿವೆ, ಮತ್ತು ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುತ್ತದೆ. ಮೊದಲನೆಯದು ಮೇಣದ ದಾರಿ. ನೆಲದ ಬಣ್ಣಕ್ಕೆ ಹೊಂದುವ ಮೇಣದ ಕಡ್ಡಿಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಬಿದಿರಿನ ಮೈಯಲ್ಲಿ ತಿಳಿಯ ಎಳೆಯೂ ಕಪ್ಪು ಎಳೆಯೂ ಬೆರೆತಿರುವುದರಿಂದ ಒಂದೇ ಬಣ್ಣದ ಕಡ್ಡಿ ಹೊಂದುವುದು ಅಪರೂಪ. ಎರಡನ್ನು ಬೆರೆಸಿ ನೋಡಬೇಕಾಗುತ್ತದೆ. ಮೊದಲು ಅಟ್ಟದ ಮೇಲಿನ ಹಲಗೆಯಲ್ಲೋ ಮಂಚದ ಕೆಳಗಿನ ಮೂಲೆಯಲ್ಲೋ ಪರೀಕ್ಷೆ ಮಾಡುವುದು ಲೇಸು. ಆದರೆ ಬಿದಿರಿನ ಬಣ್ಣ ಬೆಳಕಿಗೆ ವರ್ಷಗಳಲ್ಲಿ ಬದಲಾಗುವುದರಿಂದ, ಕತ್ತಲಲ್ಲಿದ್ದ ಹಲಗೆಗೆ ಹೊಂದಿದ ಬಣ್ಣ ಕಿಟಕಿಯ ಬಳಿಯ ನೆಲಕ್ಕೆ ಹೊಂದೀತೆಂಬ ಭರವಸೆಯಿಲ್ಲ. ಮೆದುಮಾಡಿದ ಮೇಣವನ್ನು ಗೀರಿಗೆ ಅಡ್ಡಲಾಗಿ ಒತ್ತಿ ತುಂಬಿ, ಮೇಲೆ ಉಳಿದುದನ್ನು ಪ್ಲಾಸ್ಟಿಕ್ಕಿನ ಚೀಟಿಯ ಅಂಚಿನಿಂದ ಓರೆಯಾಗಿ ಹೆರೆದು, ಹತ್ತಿಯ ಬಟ್ಟೆಯಿಂದ ತಿಕ್ಕಿದರೆ ಕೆಲಸ ಮುಗಿಯುತ್ತದೆ. ಲೋಹದ ಅಲಗನ್ನು ಬಳಸಬಾರದು. ಅದು ಪಕ್ಕದಲ್ಲಿ ಹೊಸ ಗೀರನ್ನು ಬರೆಯುತ್ತದೆ.

ಎರಡನೆಯದು ವಾರ್ನಿಷಿನ ದಾರಿ. ತೆರೆದ ಬಿದಿರಿಗೆ ಬೇಕಾದರೆ ಬಣ್ಣದ ಸ್ಪರ್ಶ ಕೊಟ್ಟು, ಅದು ಒಣಗಿದ ಮೇಲೆ ತೆಳುವಾದ ಲೇಪವನ್ನು ಎರಡು ಮೂರು ಸಲ, ನಡುನಡುವೆ ಒಣಗಲು ಬಿಟ್ಟು ಹಚ್ಚುವುದು. ಮೇಣಕ್ಕೆ ಹೋಲಿಸಿದರೆ ಇದು ನಿಧಾನ, ಆದರೆ ನೀರನ್ನು ಚೆನ್ನಾಗಿ ತಡೆಯುತ್ತದೆ. ಓಡಾಟವಿರುವ ಜಾಗದಲ್ಲಿ ಮೇಣ ಸವೆದುಹೋಗುತ್ತದೆ. ಮೇಣ ತುಂಬಿದ ಮೇಲೆ ವಾರ್ನಿಷ್ ಅದರ ಮೇಲೆ ನಿಲ್ಲುವುದಿಲ್ಲ ಎಂಬುದನ್ನು ಕೆಲಸಕ್ಕೆ ಮೊದಲೇ ನೆನೆಯಬೇಕು. ಇಡೀ ನೆಲಕ್ಕೆ ಮೇಣದ ಪಾಲಿಷನ್ನು ತಿಕ್ಕುವವರು ಮುಂದೆ ಹೊಸ ಲೇಪ ಕೊಡುವ ಅವಕಾಶವನ್ನೇ ಕಷ್ಟಕ್ಕೆ ಸಿಲುಕಿಸಿಕೊಳ್ಳುತ್ತಾರೆ. ಈ ಮನೆಯಲ್ಲಿ ಗೀರಿನ ನಡುಭಾಗ ದಿನವೂ ಹತ್ತಾರು ಸಲ ಕಾಲು ಬೀಳುವ ಜಾಗ. ಬಡಗಿ ವಾರ್ನಿಷಿನ ದಾರಿಯನ್ನೇ ಆರಿಸುತ್ತಾನೆ.

ಕಿಟಕಿಯ ಬಳಿಯ ಕುಳಿಗೆ ತುಂಬುವ ಪದಾರ್ಥ ಬೇಕು. ಅಟ್ಟದ ಹಲಗೆಯ ಒಂದು ತುದಿಯನ್ನು ಲೇಪವಿಲ್ಲದ ಕಡೆ ಉಜ್ಜಿದರೆ ಅದೇ ಬಿದಿರಿನ ಪುಡಿ ದೊರೆಯುತ್ತದೆ. ಅದನ್ನು ಅಂಟಿನಲ್ಲಿ ಕಲಸಿ ತುಂಬುವುದು ಬಡಗಿಗಳ ಹಳೆಯ ಉಪಾಯ. ಇದರಲ್ಲಿ ಒಂದು ಮೋಸವಿದೆ. ಒಣ ಪುಡಿಯ ಬಣ್ಣ ನೆಲಕ್ಕೆ ಹೊಂದುವಂತೆ ತೋರಿದರೂ, ಅಂಟು ಕುಡಿದು ಒಣಗಿದ ಮೇಲೆ ಅದು ಹೆಚ್ಚು ಕಪ್ಪಾಗುತ್ತದೆ. ಆದ್ದರಿಂದ ಹಲಗೆಯ ತುಂಡಿನಲ್ಲಿ ಚಿಕ್ಕ ಕುಳಿ ಮಾಡಿ, ತುಂಬಿ, ವಾರ್ನಿಷನ್ನೂ ಹಚ್ಚಿ ನೋಡಿದ ಮೇಲೆಯೇ ಬಣ್ಣವನ್ನು ನಂಬಬೇಕು. ಅಂಟು ಕುಳಿಯ ಹೊರಗೆ ಹರಡಿದರೆ, ಅಲ್ಲಿ ಬಣ್ಣವಾಗಲಿ ವಾರ್ನಿಷಾಗಲಿ ಸರಿಯಾಗಿ ಇಳಿಯದೆ ಮಚ್ಚೆ ಉಳಿಯುತ್ತದೆ; ಸುತ್ತಲೂ ಕಾಗದದ ಅಂಟುಪಟ್ಟಿಯನ್ನು ಅಂಟಿಸಿಕೊಂಡರೆ ಆ ತೊಂದರೆಯಿಲ್ಲ.

ಕುಳಿಯ ಅಂಚಿನಲ್ಲಿ ಎದ್ದು ನಿಂತ ಸಿಬಿರುಗಳನ್ನು ಕೈಯಿಂದ ಕೀಳಬಾರದು. ನಾರು ಉದ್ದಕ್ಕೂ ಸೀಳುವ ಗುಣದಿಂದಾಗಿ ಒಂದು ಅಂಗುಲದ ಸಿಬಿರು ಒಂದು ಗೇಣು ಕಿತ್ತುಬರಬಹುದು. ಹರಿತವಾದ ಚಾಕುವಿನಿಂದ ಬುಡದಲ್ಲಿ ಕತ್ತರಿಸಬೇಕು. ಬೇರಿನಲ್ಲಿ ಗಟ್ಟಿಯಾಗಿರುವ ಸಿಬಿರಾದರೆ ಒಂದು ಹನಿ ಅಂಟನ್ನು ಬಿಟ್ಟು ಒತ್ತಿ ಕೂರಿಸಬೇಕು. ತುಂಬಿದ ಕಣಕ ಒಣಗುವಾಗ ಕುಗ್ಗುವುದರಿಂದ ಅದನ್ನು ನೆಲದ ಮಟ್ಟಕ್ಕಿಂತ ಕೊಂಚ ಎತ್ತರವಾಗಿ ಬಿಡಬೇಕು. ಪೂರ್ತಿ ಒಣಗಿದ ಮೇಲೆ ೨೨೦ ಅಂಕದ ಮರಳು ಕಾಗದವನ್ನು ಚಿಕ್ಕ ಮರದ ತುಂಡಿಗೆ ಸುತ್ತಿ, ನಾರಿನ ದಿಕ್ಕಿನಲ್ಲಿಯೇ ಉಜ್ಜಿ ಮಟ್ಟಮಾಡಬೇಕು. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳ ಆಕಾರದ ತಗ್ಗು ಬೀಳುತ್ತದೆ. ಅಡ್ಡಲಾಗಿ ಉಜ್ಜಿದರೆ ನಾರು ಕಡಿದು, ವಾರ್ನಿಷ್ ಹಚ್ಚಿದ ಕೂಡಲೇ ನೂರು ಗೆರೆಗಳು ಎದ್ದು ಕಾಣುತ್ತವೆ. ಅಂಟು ಬೆರೆತ ಬಿದಿರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗು ಬಾಯಿಗಳಿಗೆ ಮುಸುಕು ಕಟ್ಟಿ, ಕಿಟಕಿಗಳನ್ನು ತೆರೆದೇ ಈ ಕೆಲಸ ಮಾಡತಕ್ಕದ್ದು.

ಇಲ್ಲಿ ಒಂದು ಅಪಾಯವನ್ನು ಹೇಳದೆ ಬಿಡಲಾಗದು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಸೇರಿದ ವಾರ್ನಿಷನ್ನು ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯುವ ಅಭ್ಯಾಸ ಬಹಳ ಜನರಿಗಿದೆ. ಈ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಸೇರುವುದು. ಆಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಿಂದ ಆ ಶಾಖ ಹಾರಿಹೋಗುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಅದು ಒಳಗೇ ಕೂಡಿ, ಯಾರೂ ಕಿಡಿ ಇಡದೆ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಕುಳಿಯು ಇನ್ನೂ ದೊಡ್ಡದಾಗಿ ಹಲಗೆಯೇ ಸೀಳಿದ್ದರೆ ಆ ಹಲಗೆಯನ್ನು ಬದಲಿಸುವುದು ಉಚಿತ. ಅದು ನುರಿತ ಬಡಗಿಯ ಕೆಲಸ. ನೆಲದ ತುಂಬ ಲೇಪ ಸವೆದು ಎಲ್ಲೆಡೆಯೂ ನೀರು ಇಂಗುವ ಕಾಲಕ್ಕೆ ಮಾತ್ರ ಯಂತ್ರದಿಂದ ಉಜ್ಜುವ ಮಾತು ಬರಬೇಕು.

ವಾರ್ನಿಷಿನ ಕೆಲಸಕ್ಕೆ ಹವೆಯೂ ಒದಗಬೇಕು. ಬಿದಿರು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ತೇವವಿರುವ ಹಲಗೆಯ ಮೇಲೆ ಹಚ್ಚಿದ ಲೇಪ ಮಬ್ಬಾಗುವುದುಂಟು. ದಸರೆಯ ಹೊತ್ತಿಗೆ ಬೆಂಗಳೂರಿನಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಬಡಗಿ ಮೋಡ ಕವಿದ ಎರಡು ದಿನಗಳನ್ನು ಸುಮ್ಮನೆ ಕಳೆದು, ಮೂರನೆಯ ದಿನ ಬಿಸಿಲು ಬಂದ ಮೇಲೆ ಕುಂಚವನ್ನು ಹಿಡಿಯುತ್ತಾನೆ. ಮನೆಯವರು ಅವಸರಪಡಿಸುತ್ತಾರೆ, ಹಬ್ಬಕ್ಕೆ ನೆಂಟರು ಬರುವವರಿದ್ದಾರೆ. “ಅವಸರಕ್ಕೆ ಹಚ್ಚಿದ ವಾರ್ನಿಷನ್ನು ಮುಂದಿನ ತಿಂಗಳು ನ್ಯಾಯವಾಗಿ ಕೆರೆದು ತೆಗೆಯಬೇಕಾಗುತ್ತದೆ ಯಜಮಾನರೇ, ಆಗ ಹಣ ನೀವೇ ಕೊಡಬೇಕು” ಎಂದು ಅವನು ನಗುತ್ತಾನೆ.

ಹಬ್ಬದ ಮುನ್ನಾದಿನ ಬೀರುವನ್ನು ಖಾಲಿಮಾಡಿ, ನಾಲ್ಕು ಜನ ಸೇರಿ ಎತ್ತಿ, ಮಡಿಸಿದ ಹಳೆಯ ಕಂಬಳಿಯ ಮೇಲಿಟ್ಟು ಅದರ ಜಾಗಕ್ಕೆ ಸೇರಿಸುತ್ತಾರೆ. ಕಾಲುಗಳಿಗೆ ಉಣ್ಣೆಯ ದಪ್ಪ ಬಿಲ್ಲೆಗಳು ಬಂದಿವೆ. ಬೀದಿಯ ಮರಳು ಒಳಗೆ ಬಾರದಂತೆ ಬಾಗಿಲಿನ ಹೊರಗೊಂದು, ಒಳಗೊಂದು ಚಾಪೆ ಬಿದ್ದಿವೆ. ಚಪ್ಪಲಿಯನ್ನು ಹೊರಗೆ ಬಿಡುವ ರೂಢಿ ಮೊದಲಿನಿಂದಲೂ ಇದ್ದದ್ದೇ. ಮಧ್ಯಾಹ್ನದ ಹೊತ್ತಿಗೆ ಗೀರು ಎಲ್ಲಿತ್ತೆಂದು ಹುಡುಕಬೇಕು. ಬೆಳಗಿನ ಓರೆ ಬಿಸಿಲು ಕಿಟಕಿಯಿಂದ ಬಂದಾಗ ಮಾತ್ರ ಕುಳಿಯಿದ್ದ ಜಾಗದಲ್ಲಿ ಸ್ವಲ್ಪ ಬೇರೆ ಹೊಳಪಿನ ಒಂದು ಮಚ್ಚೆ ತೋರುತ್ತದೆ. ಅಜ್ಜಿ ಅದನ್ನು ಗುರುತಿಸಿ, ಗೊಂಬೆಗಳ ಮೊದಲ ಮೆಟ್ಟಿಲನ್ನು ಅದರ ಮೇಲೆ ಬರದಂತೆ ಒಂದು ಗೇಣು ಈಚೆಗೆ ಇಡಿಸುತ್ತಾರೆ. ಉಳಿದ ಹಲಗೆಯ ಹಿಂಬದಿಯಲ್ಲಿ ಮೊಮ್ಮಗಳು ಎರಡು ಬಣ್ಣಗಳ ಹೆಸರನ್ನೂ ವಾರ್ನಿಷಿನ ಹೆಸರನ್ನೂ ತಾರೀಖನ್ನೂ ಬರೆದು, ಅದನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾಳೆ.